ದೋರ್ಬಾರ್‌ನಲ್ಲಿ ಹೆಂಗಸರಿಗೆ ಜಾಗ ಎಲ್ಲಿ?
ಮೇಘಾಲಯದ ಖಾಸಿ ಬುಡಕಟ್ಟಿನ ಊರುಗಳಿಗೆ ಪಂಚಾಯತ್ ಬೇಡ, ಅವರ ದೋರ್ಬಾರ್ ಶ್ನೋಂಗ್ ಅನ್ನೋ ಊರ ಸಭೆಯೇ ಸಾಕು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಅರ್ಧ ಒಪ್ಪುತ್ತೇನೆ. ನೀರು, ಕಸ, ಸಣ್ಣಪುಟ್ಟ ಜಗಳ ಎಲ್ಲ ಊರಲ್ಲೇ ಬಗೆಹರಿದರೆ ಒಳ್ಳೆಯದೇ ಅಲ್ವಾ. ಆದರೆ ಊರ ಮುಖ್ಯಸ್ಥ, ಅಂದರೆ ರಂಗ್ಬಾ ಶ್ನೋಂಗ್, ಚೀಟಿ ಬರೆದುಕೊಡದಿದ್ದರೆ ಎಷ್ಟೋ ಸರ್ಕಾರಿ ಕೆಲಸ ಮುಂದೆ ಹೋಗುತ್ತಿರಲಿಲ್ಲ, ಈ ಅಧಿಕಾರ ಯಾವ ಕಾನೂನಿನಲ್ಲಿದೆ ಅಂತ 2014ರಲ್ಲಿ ಅಲ್ಲಿನ ಹೈಕೋರ್ಟೇ ತಕರಾರು ತೆಗೆಯಿತು. ಇನ್ನೊಂದು ವಿಚಿತ್ರ ನೋಡಿ: ಮನೆತನದ ಆಸ್ತಿ ಹೋಗುವುದು ಕಿರಿಮಗಳಿಗೆ, ಹಳೇ ಪದ್ಧತಿಯ ದೋರ್ಬಾರ್‌ನಲ್ಲಿ ಮಾತ್ರ ಅವಳಿಗೆ ಕೂರಲು ಜಾಗವಿಲ್ಲ! ಈಗ ಕೆಲವು ಕಡೆ ಬದಲಾಗಿದೆ, ನಿಜ. ನಮ್ಮ ಕರ್ನಾಟಕದ ಪಂಚಾಯತ್‌ಗಳಲ್ಲಿ ಹೆಂಗಸರಿಗೆ ಅರ್ಧ ಸೀಟು ಕೊಟ್ಟರೂ ಎಷ್ಟೋ ಕಡೆ ಗಂಡನೇ ಕಾರುಬಾರು ಮಾಡುತ್ತಾನೆ, ಹಾಗಂತ ಸೀಟೇ ಬೇಡ ಅನ್ನೋಕಾಗುತ್ತಾ? ದೋರ್ಬಾರ್ ಇರಲಿ, ಅದರಲ್ಲಿ ಹೆಂಗಸರ ಮತ ಮತ್ತು ಸಭೆಯ ದುಡ್ಡಿನ ಲೆಕ್ಕ ಎರಡನ್ನೂ ಕಾನೂನಿನಲ್ಲೇ ಬರೆದಿಡಲಿ.