ಚಿರೋಟಿಗೆ ಉಪ್ಪು ಹಾಕುತ್ತಾರೆಯೇ?

ನನ್ನ ದಾಯಾದಿಯೊಬ್ಬರು ದಿನಾ ಸೂರ್ಯನಿಗಿಂತ ಮೊದಲೇ ಎದ್ದು ನನ್ನ ಮೊಬೈಲಿಗೆ ಒಂದು ನುಡಿಮುತ್ತು ಕಳಿಸುತ್ತಾರೆ. ಹಿಂದೆ ಗುಲಾಬಿ, ಗುಲಾಬಿಯ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ ಅಕ್ಷರ. ಮೊನ್ನೆಯದು, ಬೆಲೆ ತಿಳಿಯದವರ ಬಾಗಿಲಲ್ಲಿ ನಿಲ್ಲಬಾರದು ಎಂಬರ್ಥದ್ದು. ಸರಿ, ನಿಲ್ಲುವುದಿಲ್ಲ ಎಂದುಕೊಂಡು ಹಲ್ಲುಜ್ಜಿ ಬರುವಷ್ಟರಲ್ಲಿ ಅದೇ ಮಹನೀಯರಿಂದ ಮಗನ ಮದುವೆಯ ಪತ್ರಿಕೆ ಬಂದಿತ್ತು. ಅದೂ ಮೊಬೈಲಿಗೇ. ಕೆಳಗೆ ಒಕ್ಕಣೆ: ಸಮಯದ ಅಭಾವದಿಂದ ಖುದ್ದಾಗಿ ಬರಲಾಗುತ್ತಿಲ್ಲ, ಇದನ್ನೇ ವೈಯಕ್ತಿಕ ಕರೆಯೆಂದು ಭಾವಿಸಿ ಸಕುಟುಂಬ ಸಮೇತರಾಗಿ ದಯಮಾಡಿಸಬೇಕು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎರಡೇ ಬೀದಿ. ಗುಲಾಬಿ ಹುಡುಕುವುದಕ್ಕೆ ಸಿಗುವ ಪುರುಸೊತ್ತು ಕುಂಕುಮದ ಬಟ್ಟಲು ಹಿಡಿದು ಎರಡು ಬೀದಿ ದಾಟುವುದಕ್ಕೆ ಸಿಗುವುದಿಲ್ಲ.

ಭಾವಿಸಬೇಕಂತೆ. ಭಾವಿಸುವ ಕೆಲಸವೆಲ್ಲ ನನ್ನ ಪಾಲಿಗೇ ಏಕೆ ಬರಬೇಕು? ನಾನೂ ಎರಡು ಕೈ ಮುಗಿದಿರುವ ಚಿತ್ರವೊಂದನ್ನು ಕಳಿಸಿ, ಇದನ್ನೇ ನನ್ನ ಹಾಜರಿಯೆಂದು ಭಾವಿಸಿ ಎಂದು ಬರೆದರೆ ಹೇಗೆ? ಮುಯ್ಯಿಯನ್ನೂ ಭಾವಿಸಿಕೊಳ್ಳಲಿ. 'ಆಶೀರ್ವಾದವೇ ಉಡುಗೊರೆ' ಎಂದು ಪತ್ರಿಕೆಯ ಮೂಲೆಯಲ್ಲಿ ಅಚ್ಚು ಹಾಕಿಸಿ, ಮಂಟಪದ ಬಾಗಿಲಲ್ಲಿ ಬಾಮೈದನನ್ನು ಪುಸ್ತಕ, ಪೆನ್ನಿನ ಸಮೇತ ಕೂರಿಸಿರುತ್ತಾರೆ ಎಂಬುದು ನನಗೆ ಗೊತ್ತಿಲ್ಲವೇ?

ಇಂಥ ಸಂದರ್ಭದಲ್ಲಿ ಸ್ವಾಭಿಮಾನಿಯಾದವನು ಏನು ಮಾಡಬೇಕು ಎಂಬುದಕ್ಕೆ ಈಗ ಉಪದೇಶಕ್ಕೇನೂ ಬರಗಾಲವಿಲ್ಲ. ನಿಮ್ಮನ್ನು ನೋಯಿಸುವವರಿಂದ ದೂರ ಸರಿಯಿರಿ, ಸಂಬಂಧ ಕಡಿದುಕೊಳ್ಳಿ, ನಿಮ್ಮ ನೆಮ್ಮದಿಯೇ ಮುಖ್ಯ ಎಂದು ಹೇಳುವವರು ಬೆರಳು ತಾಕಿದಲ್ಲೆಲ್ಲ ಸಿಗುತ್ತಾರೆ. ಇವರಿಗೆ ನೆಂಟರೇ ಇಲ್ಲವೇನೋ ಎಂದು ನನಗೆ ಅನುಮಾನ. ದೂರ ಸರಿಯುವುದಾದರೂ ಎಲ್ಲಿಗೆ? ಇಬ್ಬರಿಗೂ ಹಾಲು ಹಾಕುವವನು ಒಬ್ಬನೇ, ಪುರೋಹಿತರು ಒಬ್ಬರೇ, ಮೈಲಿಗೆ ಬಂದರೆ ಒಟ್ಟಿಗೇ ಬರುತ್ತದೆ. ಸತ್ತಾಗ ಹತ್ತು ದಿನ ಸೂತಕ ಹಂಚಿಕೊಳ್ಳಲೇಬೇಕಾದವರೊಂದಿಗೆ ಸಂಬಂಧ ಕಡಿದುಕೊಳ್ಳಲು ಹೊರಡುವುದು ಸ್ವಾಭಿಮಾನವಲ್ಲ, ಭೂಗೋಳದ ಅಜ್ಞಾನ.

ಈ ವಿಷಯದಲ್ಲಿ ನಾನು ಕಂಡ ಒಬ್ಬರೇ ಪಂಡಿತರೆಂದರೆ ನಮ್ಮ ದೊಡ್ಡತ್ತೆ.

ದೊಡ್ಡತ್ತೆಗೂ ಅವರ ಓರಗಿತ್ತಿಗೂ ಕೆಟ್ಟದ್ದು ಓರಗಿತ್ತಿಯ ಗೃಹಪ್ರವೇಶದ ದಿನ. ಹಾಲು ಉಕ್ಕಿಸಿ ಆಗಿತ್ತು, ಹೋಮದ ಹೊಗೆಗೆ ಎಲ್ಲರ ಕಣ್ಣೂ ಕೆಂಪಾಗಿತ್ತು. ಮನೆಗೆ ಹಿರಿಯ ಸೊಸೆಯಾದ ದೊಡ್ಡತ್ತೆ ಬಾಗಿನದ ಮೊರ ಹಿಡಿದುಕೊಂಡು ಹೊಸಿಲು ದಾಟಿದರು. ಓರಗಿತ್ತಿ ಯಾರಿಗೋ ಕುಂಕುಮ ಕೊಡುತ್ತಿದ್ದವರು ಕತ್ತು ತಿರುಗಿಸದೆಯೇ, 'ಬನ್ನಿ ಅಕ್ಕ, ಅಲ್ಲೇ ಎಲ್ಲಾದರೂ ಕುಳಿತುಕೊಳ್ಳಿ' ಎಂದರು. ಅಷ್ಟೇ. ಬೈಗುಳವಿಲ್ಲ, ಚಾಡಿಯಿಲ್ಲ, ಆಸ್ತಿಯ ಮಾತಿಲ್ಲ. ಎಲ್ಲಾದರೂ! ಅಷ್ಟು ದೊಡ್ಡ ಮನೆ ಕಟ್ಟಿಸಿ, ಅದರಲ್ಲಿ ಹಿರಿಯ ಸೊಸೆಗೆ ಇಂಥ ಕಡೆ ಎಂದು ಒಂದು ಜಾಗವಿಲ್ಲ. ದೊಡ್ಡತ್ತೆ ಮೊರವನ್ನು ದೇವರ ಮುಂದಿಟ್ಟು, ಅಕ್ಷತೆ ಹಾಕಿ, ಊಟದ ಹೊತ್ತಿಗೆ ಮನೆಗೆ ಬಂದುಬಿಟ್ಟರು. ಓರಗಿತ್ತಿ ಆ ಮಾತನ್ನು ಬೇಕೆಂದೇ ಆಡಿದರೋ, ಹೊಗೆಯಲ್ಲಿ ಬಂದವರು ಯಾರೆಂದು ಸರಿಯಾಗಿ ಕಾಣದೆ ಆಡಿದರೋ ಎಂಬ ಬಗ್ಗೆ ನಮ್ಮ ವಂಶದಲ್ಲಿ ಇಂದಿಗೂ ಎರಡು ಪಕ್ಷಗಳಿವೆ.

ಸಾಮಾನ್ಯರಾಗಿದ್ದರೆ ಆಮೇಲೆ ಆ ಮನೆಗೆ ಕಾಲಿಡುತ್ತಿರಲಿಲ್ಲ. ದೊಡ್ಡತ್ತೆ ಹಾಗಲ್ಲ. 'ಹೋಗದಿದ್ದರೆ ಅವಳಿಗೆ ಒಂದು ಎಲೆ ಉಳಿಯಿತು. ಹೋಗಿ ಉಣ್ಣದೆ ಬಂದರೆ ನಿದ್ದೆ ಬರುವುದಿಲ್ಲ' ಎಂಬುದು ಅವರ ಲೆಕ್ಕ. ಹಾಗಾಗಿ ಓರಗಿತ್ತಿಯ ಮನೆಯ ನಾಮಕರಣ, ಉಪನಯನ, ಸತ್ಯನಾರಾಯಣ ಪೂಜೆ, ಸೀಮಂತ ಯಾವುದನ್ನೂ ಅವರು ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಹೋಗುತ್ತಿದ್ದರು. ಮೈಸೂರು ರೇಷ್ಮೆ ಸೀರೆ, ಮೂಗುಬೊಟ್ಟು, ಮುಡಿಗೆ ಮೈಸೂರು ಮಲ್ಲಿಗೆ. ಕುಳಿತುಕೊಳ್ಳುತ್ತಿದ್ದದ್ದು ಊಟದ ಮನೆಯ ಬಾಗಿಲಿಗೆ ಎದುರಾಗಿ, ಕೈತೊಳೆದು ಬರುವ ಪ್ರತಿಯೊಬ್ಬರಿಗೂ ಕಾಣುವಂತೆ. 'ಊಟ ಆಯಿತೇ?' ಎಂದು ಯಾರಾದರೂ ಕೇಳಲೇಬೇಕು. ಕೇಳಿದರೆ ದೊಡ್ಡತ್ತೆ ನಗುತ್ತಿದ್ದರು. ಆ ನಗು ನೋಡಿದವರು ಮತ್ತೆ ಪಾಯಸದ ರುಚಿಯ ಮಾತು ಎತ್ತುತ್ತಿರಲಿಲ್ಲ.

ನಿಜವಾದ ಕಾರಣ ಹೇಳಬಾರದು ಎಂಬುದು ಅವರ ಮೊದಲ ನಿಯಮ. ಅದಕ್ಕೆ ಒಂಟಿಕೊಪ್ಪಲ್ ಪಂಚಾಂಗದ ನೆರವು ಪಡೆಯುತ್ತಿದ್ದರು. ಆದರೆ ಪಂಚಾಂಗ ಈ ಬಗೆಯ ಕೆಲಸಕ್ಕೆ ಅಷ್ಟು ಒಗ್ಗುವುದಿಲ್ಲ. ಏಕಾದಶಿಯ ದಿನ ನಮ್ಮವರು ಮದುವೆ ಇಟ್ಟುಕೊಳ್ಳುವುದಿಲ್ಲ, ಬಂದವರಿಗೆ ಊಟ ಹಾಕುವುದು ಹೇಗೆ? ಸಂಕಷ್ಟಿ ಬರುವುದು ಚೌತಿಯಲ್ಲಿ. ಚೌತಿ ರಿಕ್ತಾ ತಿಥಿ, ಮುಹೂರ್ತಕ್ಕೆ ಆಗದು. ಅಂದರೆ ಒಳ್ಳೆಯ ಉಪವಾಸಗಳೆಲ್ಲ ಮದುವೆಯಿಲ್ಲದ ದಿನಗಳಲ್ಲೇ ಬಂದು ವ್ಯರ್ಥವಾಗುತ್ತಿದ್ದವು. ದೊಡ್ಡತ್ತೆ ಎದೆಗುಂದದೆ ತಿಥಿಯನ್ನು ಬಿಟ್ಟು ವಾರವನ್ನು ಹಿಡಿದರು. ಸೋಮವಾರ ಈಶ್ವರನದು, ಗುರುವಾರ ರಾಯರದು, ಶನಿವಾರ ಒಪ್ಪತ್ತು. ಮಂಗಳವಾರ, ಶುಕ್ರವಾರ ದೇವಿಯ ಪಾಲು. ಬುಧವಾರ ಮತ್ತು ಭಾನುವಾರ ಮಾತ್ರ ಹೊಟ್ಟೆ ಸರಿಯಿರುತ್ತಿರಲಿಲ್ಲ.

ಎರಡನೆಯ ನಿಯಮ ಮುಯ್ಯಿಯದು. ಓರಗಿತ್ತಿಯ ಕಡೆಯಿಂದ ಹಿಂದಿನ ಸಲ ಎಷ್ಟು ಬಂದಿತ್ತೋ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕಬೇಕು. ಅದನ್ನು ಅದೇ ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. 101 ಬಂದಿದ್ದರೆ 116, 501 ಬಂದಿದ್ದರೆ 516. ಹದಿನೈದು ರೂಪಾಯಿಯ ಈ ಮೇಲುಗೈ ಅವರಿಗೆ ವರ್ಷಗಟ್ಟಲೆ ಸಾಕಾಗುತ್ತಿತ್ತು.

ಮೂರನೆಯ ನಿಯಮವೇ ಮುಖ್ಯವಾದದ್ದು, ಅದು ಉಪ್ಪಿನ ನಿಯಮ. ಉಣ್ಣುವುದಿಲ್ಲ ಎಂದರೆ ಎಲ್ಲಿಯವರೆಗೆ? ಮಂಟಪದಲ್ಲಿ ಬೆಳಗಿನಿಂದ ಕುಳಿತವರಿಗೆ ಬಾಯಾರುವುದಿಲ್ಲವೇ? ದೊಡ್ಡತ್ತೆ ಶಾಸ್ತ್ರವನ್ನು ಸೂಕ್ಷ್ಮವಾಗಿ ಪರಿಶೀಲಿಸಿ ಒಂದು ತೀರ್ಮಾನಕ್ಕೆ ಬಂದಿದ್ದರು. ಲೋಕದಲ್ಲಿ ಎಲ್ಲರೂ 'ಉಪ್ಪು ತಿಂದ ಮನೆ' ಎನ್ನುತ್ತಾರೆಯೇ ಹೊರತು 'ಸಕ್ಕರೆ ತಿಂದ ಮನೆ' ಎನ್ನುವುದಿಲ್ಲ. ಋಣ ಇರುವುದು ಉಪ್ಪಿನಲ್ಲಿ. ಆದ್ದರಿಂದ ಕಾಫಿಗೆ ದೋಷವಿಲ್ಲ. ಬಾದಾಮಿ ಹಾಲಿಗೆ ದೋಷವಿಲ್ಲ. ಬಾಳೆಹಣ್ಣು, ಕಲ್ಲುಸಕ್ಕರೆ ದೇವರವು. ಕಾಶಿ ಹಲ್ವಾದಲ್ಲಿ ಇರುವುದೆಲ್ಲ ಬೂದುಗುಂಬಳ, ಸಕ್ಕರೆ, ತುಪ್ಪ. ಎರಡು ಸಲ ಹಾಕಿಸಿಕೊಂಡರೂ ಸ್ವಾಭಿಮಾನಕ್ಕೆ ಕುಂದಿಲ್ಲ.

ತೊಡಕು ಬಂದದ್ದು ಓರಗಿತ್ತಿಯ ಹಿರಿಯ ಮಗಳ ಮದುವೆಯಲ್ಲಿ, ಚಿರೋಟಿಯಿಂದ. ದೊಡ್ಡತ್ತೆಗೆ ಚಿರೋಟಿ ಎಂದರೆ ಪ್ರಾಣ. ಪದರ ಪದರವಾಗಿ ಅರಳಿ, ಮೇಲೆ ಸಕ್ಕರೆ ಪುಡಿ ಹೊದ್ದ ಚಿರೋಟಿಯ ಬುಟ್ಟಿ ಅವರ ಕಣ್ಣೆದುರೇ ಊಟದ ಮನೆಗೆ ಹೋಯಿತು, ಹಿಂದೆಯೇ ಬಾದಾಮಿ ಹಾಲಿನ ಕೊಳದಪ್ಪಲೆ. ಚಿರೋಟಿ ಸಿಹಿ, ನಿಜ. ಆದರೆ ಹಿಟ್ಟಿಗೆ ಉಪ್ಪು ಹಾಕುತ್ತಾರೆಯೇ? ಮನೆಯಲ್ಲಿ ತಾವೇ ಮಾಡುವಾಗ ಹಾಕುತ್ತಿದ್ದರೇ ಎಂದು ನೆನಪು ಮಾಡಿಕೊಂಡರೆ ಕೈ ಹಾಕಿದಂತೆಯೂ ಇದೆ, ಹಾಕದಂತೆಯೂ ಇದೆ. ಆಸೆ ಬಂದಾಗ ನೆನಪು ಯಾವತ್ತೂ ನಿಷ್ಪಕ್ಷಪಾತಿಯಾಗಿರುವುದಿಲ್ಲ. ಕೊನೆಗೆ ನನ್ನನ್ನು ಕರೆದು, ಅಡುಗೆ ಭಟ್ಟರನ್ನು ಕೇಳಿಕೊಂಡು ಬಾ ಎಂದರು. ನನಗಾಗ ಚಡ್ಡಿಯ ವಯಸ್ಸು. ಹಿತ್ತಲಿನಲ್ಲಿ ಕಟ್ಟಿಗೆ ಒಲೆಗಳ ನಡುವೆ, ಸೊಂಟಕ್ಕೆ ಬೈರಾಸು ಬಿಗಿದು, ಬೆವರು ಸುರಿಸುತ್ತ ನಿಂತಿದ್ದ ಭಟ್ಟರ ಮುಂದೆ ಹೋಗಿ, 'ಚಿರೋಟಿಗೆ ಉಪ್ಪು ಹಾಕಿದ್ದೀರಾ?' ಎಂದೆ. ಭಟ್ಟರಿಗೆ ಅದು ಅಡುಗೆಯ ಮೇಲಿನ ದೂರಾಗಿ ಕೇಳಿಸಿತು. ಅವರಿಗೂ ಸ್ವಾಭಿಮಾನ ಇರುತ್ತದೆಯಲ್ಲ. ಜಾಲರಿ ಸೌಟನ್ನು ಎಣ್ಣೆಯ ಬಾಂಡಲಿಗೆ ಆನಿಸಿ, 'ಯಾರು ಹೇಳಿದ್ದು ಉಪ್ಪಿಲ್ಲವೆಂದು? ಚಿಟಿಕೆ ಉಪ್ಪಿಲ್ಲದೆ ಯಾವನಾದರೂ ಹಿಟ್ಟು ಕಲಸುತ್ತಾನೆಯೇ?' ಎಂದು ಗುಡುಗಿದರು.

ನಾನು ಬಂದು ವರದಿ ಒಪ್ಪಿಸಿದೆ. ದೊಡ್ಡತ್ತೆಯ ಮುಖ ಸಣ್ಣದಾಯಿತು. 'ಚಿಟಿಕೆ ಎಂದರೆ ಎಷ್ಟು?' ಎಂದು ಕೇಳಿದರು. ನಾನು ಎರಡು ಬೆರಳು ಒತ್ತಿ ತೋರಿಸಿದೆ. ಬಹಳ ಹೊತ್ತು ಆ ಬೆರಳುಗಳನ್ನೇ ನೋಡಿದರು. ತಿನ್ನಲಿಲ್ಲ ಎಂಬುದು ಅಧಿಕೃತ ಇತಿಹಾಸ. ಆದರೆ ಮನೆಗೆ ಬಂದ ಮೇಲೆ ಅವರ ಕೈಚೀಲದ ತಳದಲ್ಲಿ, ತಾಂಬೂಲದ ವೀಳ್ಯದೆಲೆಯ ಮೇಲೆ ಸಕ್ಕರೆ ಪುಡಿ ಉದುರಿದ್ದನ್ನು ನಾನು ಕಂಡಿದ್ದೇನೆ. ಅದು ಯಾರಿಗೆ ಸಾಕ್ಷ್ಯವೋ ಆಗಲಿ ಎಂದು ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ.

ಊಟ ಬಿಡುವುದರಲ್ಲಿ ದೊಡ್ಡತ್ತೆಗೆ ಪೂರ್ವಸೂರಿಗಳಿಲ್ಲದಿಲ್ಲ. ಸಂಧಾನಕ್ಕೆಂದು ಹಸ್ತಿನಾವತಿಗೆ ಹೋದ ಕೃಷ್ಣ ದುರ್ಯೋಧನನ ಊಟದ ಕರೆಯನ್ನು ಒಲ್ಲೆ ಎಂದ. ಇನ್ನೊಬ್ಬರ ಮನೆಯ ಅನ್ನವನ್ನು ಪ್ರೀತಿಗೆ ಉಣ್ಣಬೇಕು, ಇಲ್ಲವೇ ಆಪತ್ತಿಗೆ ಉಣ್ಣಬೇಕು. ನಿನಗೆ ನನ್ನ ಮೇಲೆ ಪ್ರೀತಿಯಿಲ್ಲ, ನನಗೆ ಆಪತ್ತೂ ಬಂದಿಲ್ಲ ಎಂದು ಮುಖಕ್ಕೆ ಹೇಳಿದ್ದು ಉದ್ಯೋಗಪರ್ವದಲ್ಲಿದೆ. ಮಾತೇನೋ ದೊಡ್ಡದು. ಆದರೆ ಕೃಷ್ಣನಿಗೆ ವಿದುರನ ಮನೆಯೊಂದಿತ್ತು. ಹರಿಕಥೆ ದಾಸರು ಹೇಳುವಂತೆ ಅಲ್ಲಿ ಅವನು ಕುಡಿದದ್ದು ಒಂದು ಕುಡಿತೆ ಹಾಲು. (ಹಾಲಿನಲ್ಲಿ ಉಪ್ಪಿಲ್ಲ ಎಂದು ದೊಡ್ಡತ್ತೆ ಈ ಕಥೆ ಬಂದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು.) ಅಲ್ಲದೆ ಪ್ರೀತಿ ಮತ್ತು ಆಪತ್ತು ಎರಡೇ ಕಾರಣ ಹೇಳಿ ಕೃಷ್ಣ ಮೂರನೆಯದನ್ನು ಬಿಟ್ಟಿದ್ದಾನೆ. ಹಾಕಿದ ಮುಯ್ಯಿ ವಸೂಲಾಗಲಿ ಎಂದು ಉಣ್ಣುವವರೇ ಪಂಕ್ತಿಯಲ್ಲಿ ಮುಕ್ಕಾಲು ಪಾಲು. ಮುಂದಿನ ಪಂಕ್ತಿಗೆ ಜಾಗ ಹಿಡಿಯಲು ಉಣ್ಣುತ್ತಿರುವವನ ಬೆನ್ನಿಗೆ ಒರಗಿ, ಅವನ ಎಲೆಯ ಮೇಲಿನ ಹೋಳಿಗೆಯನ್ನು ಕಣ್ಣಲ್ಲೇ ಅವಸರಪಡಿಸುತ್ತ ನಿಲ್ಲುವ ಸಭ್ಯ ಗೃಹಸ್ಥರನ್ನು ನೋಡಿದರೆ ನನಗೆ ಮನುಷ್ಯ ಸ್ವಭಾವದ ಮೇಲೆ ಉಳಿದಿರುವ ಅಷ್ಟಿಷ್ಟು ನಂಬಿಕೆಯೂ ಹೋಗುತ್ತದೆ. ಪ್ರತಿ ಮಂಟಪದಲ್ಲೂ ಅವರೇ ಇರುತ್ತಾರೆ. ಒಬ್ಬರಾದರೂ ಒಂದು ಹೆಜ್ಜೆ ಹಿಂದೆ ನಿಂತದ್ದನ್ನು ಕಾಣೆ.

ಇರಲಿ. ದೊಡ್ಡತ್ತೆಯ ವ್ರತಕ್ಕೆ ಒಮ್ಮೆ ಮಾತ್ರ ನಿಜವಾದ ಭಂಗ ಬಂದಿತ್ತು. ಓರಗಿತ್ತಿಯ ಮೊಮ್ಮಗುವಿನ ನಾಮಕರಣದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಗಿಲಿಗೆ ಎದುರಾಗಿ ಕುಳಿತರೂ 'ಊಟ ಆಯಿತೇ?' ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತ್ತು. ಅವರು ಉಣ್ಣುವುದಿಲ್ಲ ಎಂದು ಬಡಿಸುವ ಹುಡುಗರಿಗೂ ಗೊತ್ತು. ಅಂದು ಮನೆಗೆ ಬಂದು ಸಂಜೆ ನಾಲ್ಕಕ್ಕೆ ತಣ್ಣಗಿನ ಅನ್ನಕ್ಕೆ ಸಾರು ಕಲಸಿಕೊಂಡು ಕಣ್ಣೀರು ಹಾಕಿದರು. ಗೃಹಪ್ರವೇಶದ ದಿನವೂ ಅಷ್ಟು ಅತ್ತಿರಲಿಲ್ಲವಂತೆ. ಅವಮಾನ ಮಾಡುವವರಿಗೆ ನಮ್ಮ ನೆನಪಾದರೂ ಇರುತ್ತದೆ.

ಇದರ ಕೊನೆಯ ಅಂಕ ದೊಡ್ಡತ್ತೆಯ ಮಗಳ ಮದುವೆ. ಹಾಸನದಲ್ಲಿ ಮಂಟಪ, ಮಾಘ ಮಾಸದ ಲಗ್ನ. ಓರಗಿತ್ತಿಯನ್ನು ಕರೆಯಲು ದೊಡ್ಡತ್ತೆ ತಾವೇ ಹೋದರು. ಕರೆದ ರೀತಿಯಲ್ಲಿ ಎಳ್ಳಷ್ಟೂ ಲೋಪ ಸಿಗಬಾರದು ಎಂದು ಬೆಳ್ಳಿಯ ಕುಂಕುಮದ ಬಟ್ಟಲು, ತೆಂಗಿನಕಾಯಿ, ಅಡಿಕೆ, ಎಲೆ, ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಸಿನ. ಕೊಟ್ಟ ಕಾಫಿಯನ್ನು, ಉಪ್ಪಿಲ್ಲದ ಕಾರಣ, ಪೂರ್ತಿ ಕುಡಿದು ಬಂದರು. ಮದುವೆಯ ದಿನ ಮೊದಲ ಸಾಲಿನಲ್ಲಿ, ಫ್ಯಾನಿನ ಕೆಳಗೆ, ಜಮಖಾನ ಹೊದಿಸಿದ ಒಂದು ಕುರ್ಚಿಯನ್ನು ಕಾದಿಟ್ಟು ಅದಕ್ಕೆ ನನ್ನನ್ನು ಕಾವಲು ಹಾಕಿದ್ದರು. ಓರಗಿತ್ತಿ ಬಂದ ಕೂಡಲೇ ಕೈ ಹಿಡಿದು ಕರೆತಂದು, ಸುತ್ತಲಿನವರಿಗೆ ಕೇಳಿಸುವಂತೆ, 'ಇಲ್ಲೇ, ಇದೇ ಕುರ್ಚಿಯಲ್ಲೇ ಕುಳಿತುಕೊಳ್ಳಬೇಕು' ಎಂದರು. ವರ್ಷಗಳಿಂದ ಕಾದಿಟ್ಟ ಮಾತು.

ಓರಗಿತ್ತಿ ಕುರ್ಚಿಯನ್ನೊಮ್ಮೆ ನೋಡಿ, 'ಅಯ್ಯೋ ಅಕ್ಕ, ನನಗೇಕೆ ಇದೆಲ್ಲ, ನಾನು ಎಲ್ಲಾದರೂ ಕುಳಿತುಕೊಳ್ಳುತ್ತೇನೆ' ಎಂದು ಹಿಂದಿನ ಸಾಲಿನ ಹೆಂಗಸರ ನಡುವೆ ನುಸುಳಿಕೊಂಡು ಹರಟೆಗೆ ಕುಳಿತೇಬಿಟ್ಟರು.

ಅಷ್ಟಾದರೂ ದೊಡ್ಡತ್ತೆ ಸೋತಿರಲಿಲ್ಲ. ಊಟದ ಹೊತ್ತು ಬಾಕಿಯಿತ್ತು. ಓರಗಿತ್ತಿ ಉಣ್ಣದೆ ಹೊರಡುತ್ತಾರೆ, ಆಗ ಬೇಡಿಕೊಳ್ಳಬೇಕು, ಅವರು ಒಲ್ಲೆ ಎನ್ನಬೇಕು, ಎರಡನೆಯ ಸಲ ಬೇಡಬೇಕೇ ಬಾರದೇ ಎಂದೆಲ್ಲ ಯೋಚಿಸಿಟ್ಟಿದ್ದರು. ಓರಗಿತ್ತಿ ಮೊದಲ ಪಂಕ್ತಿಯಲ್ಲೇ ಕುಳಿತರು. ಸಾರು ಬಹಳ ಚೆನ್ನಾಗಿದೆ, ಪುಡಿ ಮನೆಯದೇ ಎಂದು ಕೇಳಿದರು. ಹೋಳಿಗೆಗೆ ತುಪ್ಪ ಸಾಲದು ಎಂದು ದೊಡ್ಡತ್ತೆಯ ಕೈಯಿಂದಲೇ ಬಡಿಸಿಕೊಂಡರು. ಹೊರಡುವಾಗ ಪಕ್ಕದ ಮನೆಯವರಿಗೆಂದು ಇನ್ನೊಂದು ತಾಂಬೂಲದ ಚೀಲ ಕೇಳಿ ಪಡೆದರು.

ಮಂಟಪ ಖಾಲಿಯಾದ ಮೇಲೆ ದೊಡ್ಡತ್ತೆ ಮುಯ್ಯಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದ್ದರು. ಮಗಳನ್ನು ಕಳಿಸಿಕೊಟ್ಟ ದುಃಖವೆಂದು ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಅವರು ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ.

'ಕೋಸಂಬರಿಯಿಂದ ಮಜ್ಜಿಗೆಯವರೆಗೆ ಒಂದನ್ನೂ ಬಿಡಲಿಲ್ಲ,' ಎಂದರು. 'ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡಳು. ಸ್ವಲ್ಪವಾದರೂ ಮರ್ಯಾದೆ ಬೇಡವೇ?'