ವೇಬರ್ನ್‌ನ ಪಾದ್ರಿ, ಸಸ್ಕಾಚೆವಾನ್‌ನ ಪ್ರೀಮಿಯರ್

ಧರ್ಮಗುರುಗಳು ರಾಜಕೀಯಕ್ಕೆ ಬರಬಾರದು ಅಂತ ತುಂಬಾ ವರ್ಷ ವಾದ ಮಾಡಿದವನು ನಾನು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸಸ್ಕಾಟೂನ್‌ಗೆ ಬಂದ ಮೇಲೆ ಒಂದು ರಾತ್ರಿ ಮಗಳಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಹೆಲ್ತ್ ಕಾರ್ಡ್ ಕೇಳಿದರು, ದುಡ್ಡು ಕೇಳಲಿಲ್ಲ. ಇದು ಹೇಗೆ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕವರು ಟಾಮಿ ಡಗ್ಲಸ್.

1930ರಲ್ಲಿ ಅವರು ಇದೇ ಪ್ರಾಂತ್ಯದ ವೇಬರ್ನ್ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಬಂದರು. ಮಳೆ ಇಲ್ಲ, ಗೋಧಿಗೆ ಬೆಲೆ ಇಲ್ಲ, ಗಾಳಿ ಎದ್ದರೆ ಹೊಲದ ಮಣ್ಣೇ ಹಾರಿಹೋಗುವ ಕಾಲ. ಮೂವತ್ತು ದಾಟಿದ ಇಬ್ಬರು ಗಂಡಸರನ್ನು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರನ್ನು, ಮಣ್ಣು ಮಾಡಬೇಕಾಗಿ ಬಂದದ್ದನ್ನು ಡಗ್ಲಸ್ ಆಮೇಲೂ ಹೇಳುತ್ತಿದ್ದರು. ಹತ್ತಿರದಲ್ಲಿ ಡಾಕ್ಟರ್ ಇರಲಿಲ್ಲ, ಒಳ್ಳೆ ಚಿಕಿತ್ಸೆಗೆ ಅವರ ಹತ್ತಿರ ದುಡ್ಡಿರಲಿಲ್ಲ.

ಈ ಸಂಕಟ ಅವರಿಗೆ ಹೊಸದಲ್ಲ. ಸ್ಕಾಟ್ಲೆಂಡಿನಿಂದ ವಿನಿಪೆಗ್‌ಗೆ ಬಂದ ಬಡ ಕುಟುಂಬ ಅವರದು. ಚಿಕ್ಕಂದಿನಲ್ಲಿ ಕಾಲಿನ ಮೂಳೆಗೆ ಸೋಂಕು ತಗುಲಿ, ಕಾಲು ಕತ್ತರಿಸುವುದೊಂದೇ ದಾರಿ ಅನ್ನುವ ಸ್ಥಿತಿ ಬಂದಿತ್ತು. ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಬಿಟ್ಟಿಯಾಗಿ ಆಪರೇಷನ್ ಮಾಡುತ್ತೇನೆ ಅಂತ ಒಬ್ಬ ಸರ್ಜನ್ ಮುಂದೆ ಬಂದರು, ಕಾಲು ಉಳಿಯಿತು. ಅದೇ ಹುಡುಗ 1922ರಲ್ಲಿ ಮ್ಯಾನಿಟೋಬಾದ ಲೈಟ್‌ವೆಯ್ಟ್ ಬಾಕ್ಸಿಂಗ್ ಚಾಂಪಿಯನ್! ಆದರೆ ಆ ಸರ್ಜನ್ ಕಣ್ಣಿಗೆ ಬೀಳದೇ ಇದ್ದ ಮಕ್ಕಳ ಗತಿ ಏನು? ಡಗ್ಲಸ್ ಈ ಪ್ರಶ್ನೆಯನ್ನು ಕೊನೆವರೆಗೂ ಬಿಡಲಿಲ್ಲ, ಅದಕ್ಕೇ ಅವರು ನನಗೆ ಇಷ್ಟ.

ರಾಜಕೀಯ ಬಿಡದಿದ್ದರೆ ಬೇರೆ ಚರ್ಚ್ ಸಿಗದ ಹಾಗೆ ಮಾಡುತ್ತೇನೆ ಅಂತ ಚರ್ಚಿನ ಮೇಲಧಿಕಾರಿಯೊಬ್ಬರು ಹೆದರಿಸಿದರಂತೆ. ಡಗ್ಲಸ್ 1935ರಲ್ಲಿ ಸಿಸಿಎಫ್ ಅನ್ನುವ ಸಮಾಜವಾದಿ ಪಕ್ಷದಿಂದ ನಿಂತು ಸಂಸತ್ತಿಗೆ ಗೆದ್ದರು. 1944ರಲ್ಲಿ ಪ್ರಾಂತ್ಯದ 52 ಸೀಟುಗಳಲ್ಲಿ 47 ಗೆದ್ದು ಪ್ರೀಮಿಯರ್ ಆದರು, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆರೋಗ್ಯ ಖಾತೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1947ರ ಜನವರಿ 1ರಿಂದ ವರ್ಷಕ್ಕೆ ತಲೆಗೆ 5 ಡಾಲರ್ ಕಟ್ಟಿದವರಿಗೆ ಆಸ್ಪತ್ರೆ ಖರ್ಚು ಇಲ್ಲ. ಡಾಕ್ಟರ್ ಫೀಸಿನ ವಿಷಯದಲ್ಲಿ ಮಾತ್ರ ಅವಸರ ಮಾಡಲಿಲ್ಲ. ಆಸ್ಪತ್ರೆ ಖರ್ಚಿನ ಸುಮಾರು ಅರ್ಧ ಕೊಡಲು 1957ರಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿತು. ಅದರಿಂದ ಪ್ರಾಂತ್ಯದ ಕೈ ಸ್ವಲ್ಪ ಸಡಿಲವಾಯಿತು, 1959ರಲ್ಲಿ ಡಗ್ಲಸ್ ಮೆಡಿಕೇರ್, ಅಂದರೆ ಡಾಕ್ಟರ್ ಫೀಸನ್ನೂ ಸರ್ಕಾರವೇ ಕೊಡುವ ಯೋಜನೆ, ಘೋಷಿಸಿದರು. ಖಜಾನೆ ನೋಡದೆ ಸುಮ್ನೆ ಭರವಸೆ ಕೊಡುವವರನ್ನು ನಾವು ಎಷ್ಟು ನೋಡಿಲ್ಲ, ಅಲ್ವಾ?

ಅವರ ತಪ್ಪನ್ನೂ ಹೇಳಬೇಕು. 1933ರ ಎಂಎ ಪ್ರಬಂಧದಲ್ಲಿ ಕೆಲವರಿಗೆ ಸಂತಾನಹರಣ ಮಾಡಬೇಕು ಅಂತ ಬರೆದಿದ್ದರು. ಓದಿದಾಗ ನನಗೆ ತುಂಬಾ ಬೇಜಾರಾಯಿತು. ಆದರೆ ಅಧಿಕಾರ ಬಂದ ಮೇಲೆ ಅಂಥ ಸಲಹೆ ಮುಂದೆ ಬಂದಾಗ ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಆ ವಿಚಾರವನ್ನೇ ಬಿಟ್ಟಿದ್ದರು.

17 ವರ್ಷ ಆಳಿ, 1961ರಲ್ಲಿ ಸಿಸಿಎಫ್ ಜಾಗಕ್ಕೆ ಬಂದ ಹೊಸ ಎನ್‌ಡಿಪಿ ಪಕ್ಷದ ನಾಯಕರಾಗಿ ಅವರು ಕೇಂದ್ರ ರಾಜಕೀಯಕ್ಕೆ ಹೋದರು. ಮೆಡಿಕೇರ್ ಜಾರಿ ಮಾಡುವ ಹೊಣೆ ಅವರ ನಂತರ ಪ್ರೀಮಿಯರ್ ಆದ ವುಡ್ರೊ ಲಾಯ್ಡ್ ಅವರ ಮೇಲೆ ಬಿತ್ತು. 1962ರ ಜೂನ್‌ನಲ್ಲಿ ಸಂಸತ್ ಚುನಾವಣೆಯಲ್ಲಿ ಪ್ರಾಂತ್ಯದ ರಾಜಧಾನಿ ರೆಜೈನಾದ ಮತದಾರರು ಡಗ್ಲಸ್ ಅವರನ್ನು ಸೋಲಿಸಿದರು, ಮೆಡಿಕೇರ್ ವಿರುದ್ಧದ ಸಿಟ್ಟು ಅದಕ್ಕೆ ದೊಡ್ಡ ಕಾರಣ. ಎರಡೇ ವಾರಕ್ಕೆ, ಜುಲೈ 1ರಂದು, ಮೆಡಿಕೇರ್ ಶುರುವಾಯಿತು. ಅದೇ ದಿನ ಅದನ್ನು ವಿರೋಧಿಸಿ ಡಾಕ್ಟರುಗಳು ಮುಷ್ಕರ ಹೂಡಿದರು. 23 ದಿನ ಲಾಯ್ಡ್ ಸರ್ಕಾರ ಜಗ್ಗಲಿಲ್ಲ. ಕೊನೆಗೆ ಒಪ್ಪಂದಕ್ಕೆ ಸಹಿ ಬಿದ್ದದ್ದು ನಮ್ಮ ಸಸ್ಕಾಟೂನ್‌ನಲ್ಲೇ.