ಭಾವನವರ ಭುಜವೂ ಅಜ್ಜನ ಕೋವಿಯೂ

ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೇಟೆ ರೈಫಲ್ ಒಂದಿದೆ. 1912ರಲ್ಲಿ ಬಂದ ಪಾಯಿಂಟ್ 375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂ ಎಂಬ ದಪ್ಪ ತೋಟೆಯನ್ನು ಹಾರಿಸುವ ಕೋವಿ ಅದು. 1972ರ ವನ್ಯಜೀವಿ ಕಾಯಿದೆಯ ನಂತರ ಕಾಡುಪ್ರಾಣಿಗಳಿಗೆ ಅದರ ಭಯ ತಪ್ಪಿತು. ಈಗ ಅದರಿಂದ ಪೆಟ್ಟು ತಿನ್ನುವ ಜೀವಿಯೆಂದರೆ ಅದನ್ನು ಹಿಡಿದು ನಿಂತವನೊಬ್ಬನೇ.

ಬೆಂಗಳೂರಿನ ನಮ್ಮ ಭಾವನವರು ಕೊಡವರು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ಸ್ಪರ್ಧೆಯಲ್ಲಿ ಪಾಯಿಂಟ್ 22 ರೈಫಲಿನಿಂದ ತೆಂಗಿನಕಾಯಿಯೊಂದನ್ನು ಒಡೆದರು. ಆ ಪುಟ್ಟ ಕೋವಿ ಒದ್ದದ್ದು ಭುಜಕ್ಕೆ ತಿಳಿಯುವುದೇ ಇಲ್ಲವಾದ್ದರಿಂದ, ಎಲ್ಲ ಕೋವಿಗಳೂ ಸಜ್ಜನರೆಂದು ನಂಬಿದ ಅವರು ಅಜ್ಜನ ರೈಫಲನ್ನು ಶೂಟಿಂಗ್ ರೇಂಜಿಗೆ ಒಯ್ಯಬೇಕೆಂದು ಹಟ ಹಿಡಿದರು. ಲೆಕ್ಕ ಸರಳವಾಗಿದೆ: ಸುಮಾರು 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ 750 ಮೀಟರಿಗೂ ಹೆಚ್ಚಿನ ವೇಗದಲ್ಲಿ ಮುಂದಕ್ಕೆ ಹೊರಟು, ಅದರ ಬೆನ್ನಿಗೇ ಉರಿದ ಮದ್ದಿನ ಅನಿಲವೂ ಚಿಮ್ಮುವಾಗ, ನಾಲ್ಕು ಕಿಲೋ ಭಾರದ ಕೋವಿ ಹೆಚ್ಚುಕಡಿಮೆ ಸೈಕಲ್ಲಿನ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಇಂಜಿನಿಯರರಾದ ಭಾವನವರಿಗೆ ನ್ಯೂಟನ್ ಗೊತ್ತಿದ್ದರು, ಪರಿಚಯವಿರಲಿಲ್ಲ.

ಅಲ್ಲಿದ್ದ ನಿವೃತ್ತ ಸುಬೇದಾರರು, "ಕೋವಿಯ ಹಿಂತುದಿಯ ಬಟ್ಟನ್ನು ಭುಜದ ಗುಳಿಗೆ ಒತ್ತಿ ಹಿಡಿಯಿರಿ, ಕೊರಳೆಲುಬಿನ ಮೇಲೆ ಬೇಡ, ದೇಹ ಸ್ವಲ್ಪ ಮುಂದಕ್ಕೆ ಬಾಗಲಿ" ಎಂದು ಹೇಳಿದ್ದರು. ಆದರೆ ಕಚ್ಚುವ ನಾಯಿಯನ್ನು ದೂರವಿಡುವುದೇ ಜಾಣತನವೆಂಬ ನಂಬಿಕೆಯಿಂದ ಭಾವನವರು ಬಟ್ಟು ಮತ್ತು ಭುಜದ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟರು. ಭುಜಕ್ಕೆ ಒತ್ತಿದ ಕೋವಿ ಇಡೀ ದೇಹವನ್ನು ತಳ್ಳುತ್ತದೆ. ಜಾಗ ಸಿಕ್ಕ ಕೋವಿ ಓಡಿಬಂದು ಗುದ್ದುತ್ತದೆ. ಎರಡನೆಯ ಸಲ ಅವರು ಕೋವಿಯ ಮೇಲಿನ ಗುರಿ ನೋಡುವ ದುರ್ಬೀನಿಗೆ ಕಣ್ಣನ್ನು ತೀರಾ ಹತ್ತಿರ ತಂದರು. ಅದರ ಅಂಚು ಹುಬ್ಬಿನ ಮೇಲೆ ಚಂದ್ರಾಕಾರದ ಗಾಯ ಮಾಡಿತು. ಅದನ್ನು ಕಪಾಟಿನ ಬಾಗಿಲಿಗೆ ತಗಲಿದ್ದೆಂದು ಅವರು ನನ್ನ ಅಮ್ಮನಿಗೆ ವಿವರಿಸಿದರಾದರೂ, ಕೋವಿಯ ಮನೆಯಲ್ಲಿ ಹುಟ್ಟಿ ಬೆಳೆದ ಅಮ್ಮ ಅಂಥ ಹಲವು ಕಪಾಟುಗಳನ್ನು ಕಂಡವಳು.

ನಿಜವಾದ ತೊಂದರೆ ಮುಂದಿನ ವಾರ ಹೊರಬಿತ್ತು. ಬಟ್ಟಿಗೆ ದಪ್ಪ ರಬ್ಬರ್ ಪ್ಯಾಡ್ ಬಂದಿತ್ತು, ಕಿವಿಗಳಿಗೆ ಮುಚ್ಚಳ ಬಂದಿತ್ತು (ಒದೆತದ ಭಯದಲ್ಲಿ ಅರ್ಧ ಪಾಲು ಸದ್ದಿನದೆಂದು ನನ್ನ ಅಭಿಪ್ರಾಯ), ಆದರೂ ಗುಂಡುಗಳು ಗುರಿಹಲಗೆಯ ಕೆಳಗಿನ ಮಣ್ಣನ್ನೇ ಉಳುತ್ತಿದ್ದವು. ತಪ್ಪು ಕೋವಿಯ ನಳಿಕೆಯದೆಂದು ಭಾವನವರು ವಾದಿಸಿದರು. ಸುಬೇದಾರರು ಮಾತಾಡದೆ, ಅವರಿಗೆ ತಿಳಿಯದಂತೆ ನಿಜವಾದ ತೋಟೆಗಳ ನಡುವೆ ಮದ್ದಿಲ್ಲದ ಪೊಳ್ಳು ತೋಟೆಯೊಂದನ್ನು ಸೇರಿಸಿದರು. ಟ್ರಿಗರ್ ಎಳೆದಾಗ ಬರಿಯ 'ಟಿಕ್' ಎಂದಿತು. ಭಾವನವರು ಮಾತ್ರ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ನಳಿಕೆಯನ್ನು ಕೆಳಕ್ಕೆ ಅದುಮಿ, ಬಾರದ ಒದೆತಕ್ಕೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಗುಂಡು ನಳಿಕೆ ಬಿಡುವುದಕ್ಕೆ ಸೆಕೆಂಡಿನ ಐನೂರನೇ ಒಂದು ಭಾಗವೂ ಬೇಡ; ಅಷ್ಟರಲ್ಲಿ ಕೋವಿ ಹಿಂದೆ ಸರಿಯುವುದು ಕೆಲವೇ ಮಿಲಿಮೀಟರ್. ಎಂದಮೇಲೆ ಗುರಿ ಕೆಡಿಸುತ್ತಿದ್ದುದು ಒದೆತವಲ್ಲ, ಅದನ್ನು ಮುಂಗಡವಾಗಿಯೇ ಸ್ವೀಕರಿಸುತ್ತಿದ್ದ ಭಾವನವರು.

ಪೊಳ್ಳು ತೋಟೆಯ ಅಭ್ಯಾಸ ಈಗಲೂ ನಡೆದಿದೆ. ಮಲಗಿ ಹೊಡೆದರೆ ಆರಾಮವೆಂದು ಅವರು ಒಮ್ಮೆ ಸೂಚಿಸಿದರು. ಮಲಗಿದ ದೇಹಕ್ಕೆ ಹಿಂದೆ ತೂಗಲು ಎಡೆಯಿಲ್ಲದೆ ಪೆಟ್ಟು ಪೂರ್ತಿ ಭುಜಕ್ಕೇ ಬೀಳುತ್ತದೆಂದು ತಿಳಿದ ಮೇಲೆ ನಿಂತೇ ಹೊಡೆಯುತ್ತಿದ್ದಾರೆ. ಗುಂಡುಗಳು ಮಣ್ಣು ಬಿಟ್ಟು ಕಾಗದಕ್ಕೆ ಬೀಳತೊಡಗಿವೆ. ಕಾಗದದ ಯಾವ ಮೂಲೆಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅಳಿಯಂದಿರಲ್ಲವೇ.